ಮಂಡಿಯ ಓಟಿಪಿ ಕೆಲಸದ ಹುಡುಗನ ಮೊಬೈಲಿಗೆ ಹೋಗ್ತಿದೆಯಾ? ಇವತ್ತೇ ಬದಲಾಯಿಸಿ

ಶಿವಮೊಗ್ಗದ ಒಂದು ಸಣ್ಣ ಅಡಿಕೆ ಮಂಡಿಯಲ್ಲಿ ನಾನು ಮ್ಯಾನೇಜರ್. ಡಿಸೆಂಬರ್ ಅಂದ್ರೆ ನಮ್ಮಲ್ಲಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಕೊಯ್ಲು ಜೋರು, ಹೊಸ ರಾಶಿ ಇಡಿ (ಕೆಂಪಡಿಕೆಯ ಒಂದು ಬಗೆ) ಬರ್ತಾ ಇರುತ್ತದೆ, ಊಟಕ್ಕೂ ಪುರುಸೊತ್ತಿಲ್ಲ. ಅಂಥ ಹೊತ್ತಲ್ಲೇ ನಮ್ಮ ಲೆಕ್ಕದ ಹುಡುಗ ಒಂದು ಮಾತೂ ಹೇಳದೆ ಕೆಲಸ ಬಿಟ್ಟ.

ಎರಡೂವರೆ ವರ್ಷ ಇದ್ದ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್, ಜಿಎಸ್‌ಟಿ, ಮಾಲು ಸಾಗಿಸಲು ಆನ್‌ಲೈನಲ್ಲಿ ಮಾಡುವ ಇ-ವೇ ಬಿಲ್ ಎಲ್ಲಾ ಅವನ ಕೈಯಲ್ಲೇ. ಶುಕ್ರವಾರ ಸಂಜೆ ಬಂದು, "ಅಣ್ಣ, ಅಮ್ಮನಿಗೆ ಕಣ್ಣಿನ ಆಪರೇಷನ್, 25,000 ಬೇಕಿತ್ತು" ಅಂದ. ಯಜಮಾನರು ಹಿಂದೆ ಮುಂದೆ ನೋಡಿದರು. "ಕೊಡಿ, ನನ್ನ ಜವಾಬ್ದಾರಿ" ಅಂದವನು ನಾನು. ನಾನೇ. ಶನಿವಾರ ಏನೂ ಆಗದ ಹಾಗೆ ಬಂದು ಕೆಲಸ ಮಾಡಿದ. ಸೋಮವಾರ ಬರಲಿಲ್ಲ.

ಅವತ್ತು ಸಂಜೆ ಲಾರಿ ಲೋಡಾಗಿ ನಿಂತಿತ್ತು. ಮಾಲು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕೇ ಬೇಕು. ಲಾಗಿನ್ ಆಗಲು ಹೋದರೆ ಓಟಿಪಿ ಅವನ ಮೊಬೈಲಿಗೆ. ಯಜಮಾನರಿಗೆ ಸುಮ್ನೆ ತಲೆನೋವು ಅಂತ ಎಲ್ಲಾ ಕಡೆ ಅವನ ನಂಬರೇ ಕೊಟ್ಟಿದ್ದೆವು. ಎಂಟು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕೊನೆಗೆ ವಾಟ್ಸಾಪಿನಲ್ಲಿ ಬಂತು: "ಸರ್, ಫೋನ್ ಮನೇಲಿ ಬಿಟ್ಟು ಆಸ್ಪತ್ರೆಗೆ ಬಂದಿದೀನಿ."

ಫೋನ್ ಮನೆಯಲ್ಲಿದ್ದರೆ ಈ ಮೆಸೇಜ್ ಎಲ್ಲಿಂದ ಬಂತು? ಆಗ ಹೊಳೆಯಲೇ ಇಲ್ಲ. "ಅಮ್ಮ ಹೇಗಿದ್ದಾರೆ?" ಅಂತ ಕೇಳಿದೆ! ಪಕ್ಕದಲ್ಲಿದ್ದ ಹಮಾಲಿ ನನ್ನ ಮುಖ ನೋಡಿ ಹೇಳಿದ, "ಯಾವ ಆಸ್ಪತ್ರೆ? ಅವನು ಬೆಳಿಗ್ಗೆಯಿಂದ ಬೇರೆ ಮಂಡಿಯಲ್ಲಿ ಕೂತಿದಾನೆ. ಜೊತೆಗೆ ಟೀ ಕುಡಿದೆವಲ್ಲ." ಹಮಾಲರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಶುಕ್ರವಾರ "ಅಣ್ಣ" ಅಂದವನು ಸೋಮವಾರ "ಸರ್" ಅಂದಾಗಲೇ ತಿಳಿಯಬೇಕಿತ್ತು.

ಮಂಗಳವಾರ ಫೋನ್ ಎತ್ತಿದ. ನೋಟಿಸ್ ಕೊಡದೆ ಹೀಗೆ ಹೋಗಬಹುದಾ ಅಂತ ಕೇಳಿದೆ. "ನೋಟಿಸ್ ಕೊಡಬೇಕು ಅಂತ ಯಾವ ಲೆಟರ್‌ನಲ್ಲಿದೆ ಸರ್? ನನಗೆ ಲೆಟರೇ ಕೊಟ್ಟಿಲ್ವಲ್ಲ" ಅಂದ. ಹೌದು, ಕೊಟ್ಟಿರಲಿಲ್ಲ. ಬಾಯಿಮಾತಿನಲ್ಲೇ ಸೇರಿಸಿಕೊಂಡಿದ್ದೆವು. ಆಮೇಲೆ, "ನಾಳೆಯಿಂದ ಬರಬೇಡ ಅಂತ ನೀವಂದಿದ್ರೆ ಒಂದು ತಿಂಗಳು ಟೈಮ್ ಕೊಡ್ತಿದ್ರಾ?" ಅಂತ ನನಗೇ ಕೇಳಿದ.

ವಕೀಲರ ಹತ್ತಿರ ಹೋದೆ. ಅಲ್ಲಿ ಇನ್ನೂ ಜಾಸ್ತಿ ಬೇಜಾರಾಯಿತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಆರು ತಿಂಗಳು ಕೆಲಸ ಮಾಡಿದವನನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ, ತೆಗೆದರೂ ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡಬೇಕಂತೆ. ಅವನು ನಮಗೆ ನೋಟಿಸ್ ಕೊಡಬೇಕು ಅನ್ನುವುದನ್ನು ನಾವೇ ಲೆಟರ್‌ನಲ್ಲಿ ಬರೆದಿರಬೇಕಿತ್ತಂತೆ. ಇರಲಿ, ಕಾನೂನು ಅವನ ಕಡೆಗೇ ಇರಲಿ. ಸುಳ್ಳು ಹೇಳಿ ದುಡ್ಡು ತಗೊಂಡು ಹೋಗು ಅಂತ ಯಾವ ಕಾನೂನು ಹೇಳಿದೆ?

ಲಾರಿ ಒಂದು ರಾತ್ರಿ ನಿಂತಿತು. ಬೆಳಿಗ್ಗೆ ಟ್ರಾನ್ಸ್‌ಪೋರ್ಟಿನವರೇ ಬಿಲ್ ಮಾಡಿಕೊಟ್ಟರು. ಆದರೆ 11ನೇ ತಾರೀಕಿಗೆ ಜಿಎಸ್‌ಟಿಆರ್-1 (ಹಿಂದಿನ ತಿಂಗಳ ಮಾರಾಟದ ಲೆಕ್ಕ) ಹಾಕಲು ಮತ್ತೆ ಅದೇ ಓಟಿಪಿ, ಅದೇ ನಂಬರ್. ತಪ್ಪಿತು. ನಮ್ಮ ಬಿಲ್ಲುಗಳು ಖರೀದಿದಾರರ ಆ ತಿಂಗಳ ಕ್ರೆಡಿಟ್‌ನಲ್ಲಿ, ಅಂದ್ರೆ ಕೊಟ್ಟ ತೆರಿಗೆಯನ್ನು ಅವರು ಮುರಿದುಕೊಳ್ಳುವ ಲೆಕ್ಕದಲ್ಲಿ, ಕಾಣಲಿಲ್ಲ. ಶೇಕಡಾ 5ರ ತೆರಿಗೆ ದುಡ್ಡು ತಡೆಹಿಡಿದು ಬೈದರು. ನಂಬರ್ ಬದಲಾಯಿಸಲು ಯಜಮಾನರನ್ನು ಕರ್ಕೊಂಡು, ದಾಖಲೆ ಹಿಡ್ಕೊಂಡು ತೆರಿಗೆ ಅಧಿಕಾರಿಯ ಕಚೇರಿಗೆ ಅಲೆದೆ.

ದಯವಿಟ್ಟು ಯಜಮಾನರ ನಂಬರನ್ನೇ ಕೊಡಿ. ಇ-ವೇ ಬಿಲ್‌ಗೆ ಹುಡುಗರ ಹೆಸರಲ್ಲಿ ಸಬ್ ಯೂಸರ್ (ಅವರದೇ ಬೇರೆ ಲಾಗಿನ್) ಮಾಡಿಕೊಡಿ. ಬಿಟ್ಟು ಹೋದ ದಿನವೇ ಅದನ್ನು ನಿಲ್ಲಿಸಬಹುದು. ಲೆಟರ್ ಕೊಡಿ, ನೋಟಿಸ್ ಎಷ್ಟು ದಿನ ಅಂತ ಬರೆದು ಸಹಿ ಹಾಕಿಸಿ. ಮುಂಗಡಕ್ಕೆ ನೀವು ಜವಾಬ್ದಾರಿ ಹೊರಬೇಡಿ, ಎಷ್ಟೇ "ಅಣ್ಣ" ಅಂದರೂ.

ಅವನ ಆರು ದಿನದ ಸಂಬಳ 3,600 ಮುರಿದುಕೊಂಡೆವು. ಉಳಿದ 21,400 ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಅಂತ ಯಜಮಾನರಿಗೆ ಹೇಳಿದ್ದೇನೆ. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ನೋಡೋಣ ಸರ್."