ಕೇಬಲ್, ಜಿಪಿಎಸ್, ಮ್ಯಾಗ್ನೆಟ್: ನನ್ನ ಸ್ಪ್ಲೆಂಡರ್‌ಗೆ ಹೊಂದಿದ ಮೀಟರ್ ಯಾವುದು?

ಹಳೇ ಸ್ಪ್ಲೆಂಡರನ್ನು ಕೆಫೆ ರೇಸರ್ (ತಗ್ಗು ಹ್ಯಾಂಡಲ್, ಒಂಟಿ ಸೀಟಿನ ಹಳೇ ರೇಸ್ ಶೈಲಿಯ ಬೈಕ್) ಮಾಡಲು ಹೊರಟಾಗ ಹ್ಯಾಂಡಲ್, ಸೀಟು ಬೇಗ ಮುಗಿದವು. ಸತಾಯಿಸಿದ್ದು ವೇಗ ತೋರಿಸುವ ಮೀಟರ್. ಆರು ತಿಂಗಳಲ್ಲಿ ಮೂರು ಬಗೆ ಹಾಕಿ ನೋಡಿದೆ. ಮೂರಕ್ಕೂ ಪರೀಕ್ಷೆ ಒಂದೇ: ಬೆಳಿಗ್ಗೆ ಆರಕ್ಕೆ ತುಮಕೂರಿಂದ ಶಿರಾ ಕಡೆ ಹೆದ್ದಾರಿ ಹಿಡಿಯೋದು, ಮೀಟರ್ 60 ತೋರಿಸುವಂತೆ ಗಾಡಿ ಓಡಿಸೋದು. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡ್ ಅಂತ ಹಿಂದೆ ಕೂತ ನನ್ನ ತಮ್ಮ ಮೊಬೈಲಲ್ಲಿ ನೋಡುತ್ತಾನೆ. ಮೀಟರ್ ಸರಿಯಿದ್ದರೆ 60 ಸೆಕೆಂಡ್ ಬರಬೇಕು.

ಮೊದಲು ಹಾಕಿದ್ದು ಚಿಕ್ಕ ಗುಂಡು ಕೇಬಲ್ ಮೀಟರ್. ನೋಡೋಕೆ ಇದೇ ಚೆಂದ, ನಾನು ಸುಳ್ಳು ಹೇಳಲ್ಲ. ಆದರೆ ಕಲ್ಲಿಂದ ಕಲ್ಲಿಗೆ 52 ಸೆಕೆಂಡ್! ಅಂದರೆ ಮುಳ್ಳು 60ರಲ್ಲಿದ್ದಾಗ ಗಾಡಿ 69ರಲ್ಲಿತ್ತು. ಈ ಮೀಟರ್ ಒಳಗೆ ಕೇಬಲ್ ಒಂದು ಮ್ಯಾಗ್ನೆಟನ್ನು ತಿರುಗಿಸುತ್ತದೆ, ಅದು ಅಲ್ಯೂಮಿನಿಯಂ ಬಟ್ಟಲನ್ನು ಸ್ಪ್ರಿಂಗ್ ವಿರುದ್ಧ ಎಳೆಯುತ್ತದೆ, ಅಷ್ಟೇ. ಚಕ್ರದ ಗೇರ್ ಕೇಬಲನ್ನು ಎಷ್ಟು ಸುತ್ತಿಸುತ್ತದೋ ಆ ಲೆಕ್ಕಕ್ಕೇ ಡಯಲ್ ಬರೆದಿರಬೇಕು. ನನ್ನದರಲ್ಲಿ ಎರಡೂ ತಾಳೆಯಾಗಲಿಲ್ಲ. ಸೆಟ್ಟಿಂಗ್ ಬದಲಿಸೋಣ ಅಂದರೆ ಬಟನ್ನೇ ಇಲ್ಲ. ಆಮೇಲೆ ಮುಂದಕ್ಕೆ ಡಿಸ್ಕ್ ಬ್ರೇಕ್ ಇರುವ 17 ಇಂಚಿನ ಚಕ್ರ ಹಾಕಿದೆ. ಅದರ ಹಬ್‌ನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಕೇಬಲ್ ಗೇರೇ ಇರಲಿಲ್ಲ. ಅಲ್ಲಿಗೆ ಅದರ ಕಥೆ ಮುಗಿಯಿತು.

ಜಿಪಿಎಸ್ ಮೀಟರ್‌ಗೆ ಚಕ್ರದ ಗೊಡವೆಯೇ ಬೇಡ, ಎರಡು ವೈರ್ ಕೊಟ್ಟರೆ ಸಾಕು. ಸರಿಯಾಗಿ 60 ಸೆಕೆಂಡ್ ಬಂತು. ಆದರೆ ನನ್ನದು ಸೆಕೆಂಡಿಗೆ ಒಂದೇ ಸಲ ಅಂಕಿ ಬದಲಿಸುತ್ತದೆ. ಆಕ್ಸಿಲರೇಟರ್ ತಿರುವಿದರೆ ಗಾಡಿ ಮುಂದೆ, ಅಂಕಿ ಹಿಂದೆ. ರೈಲ್ವೆ ಅಂಡರ್‌ಪಾಸ್ ಒಳಗೆ ಹೋದರೆ ಬರೀ ಗೀಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅದು ಉಪಗ್ರಹ ಹುಡುಕಿ ಮುಗಿಸುವಷ್ಟರಲ್ಲಿ ನಾನು ಟೀ ಅಂಗಡಿ ಮುಟ್ಟಿರುತ್ತೇನೆ. ಅಷ್ಟು ದೂರ ಓಡಿದ್ದು ಲೆಕ್ಕಕ್ಕೂ ಸೇರಲ್ಲ.

ಮೂರನೆಯದು ಮ್ಯಾಗ್ನೆಟ್ ಸೆನ್ಸರ್ ಇರುವ ಡಿಜಿಟಲ್ ಮೀಟರ್. ಚಕ್ರಕ್ಕೆ ಕೂರಿಸಿದ ಮ್ಯಾಗ್ನೆಟ್ ಹಾದುಹೋದಾಗೆಲ್ಲ ಸೆನ್ಸರ್ ಒಂದು ಸಿಗ್ನಲ್ ಕೊಡುತ್ತದೆ, ಮೀಟರ್ ಅದನ್ನು ಎಣಿಸುತ್ತದೆ. ಮೊದಲನೇ ದಿನವೇ ಒಂದನ್ನು ಸುಟ್ಟೆ, ತಪ್ಪು ನನ್ನದೇ. ಹತ್ತಿರ ಸಿಕ್ಕಿತು ಅಂತ ಹೆಡ್‌ಲೈಟ್ ವೈರ್‌ನಿಂದಲೇ ಕರೆಂಟ್ ತೆಗೆದೆ. ಇಂಜಿನ್ ಏರಿಸಿದೆ, ಡಿಸ್ಪ್ಲೇ ಮಿಣುಕಿತು, ಆರಿತು. ನಮ್ಮ ಮೆಕ್ಯಾನಿಕ್ ಅಣ್ಣ ನಕ್ಕುಬಿಟ್ಟರು: "ಅಲ್ಲಪ್ಪಾ, ಹಳೇ ಗಾಡಿ ಹೆಡ್‌ಲೈಟ್‌ಗೆ ಬರೋದು ಎಸಿ ಕಣೋ. ಬ್ಯಾಟರಿ ಲೈನ್ ಇಲ್ವಾ ನಿನಗೆ?" ಎಸಿ ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್; ಮೀಟರ್‌ಗೆ ಬೇಕಿದ್ದದ್ದು ಬ್ಯಾಟರಿಯ ಡಿಸಿ. ಎರಡನೆಯದಕ್ಕೆ ಕೀ ಆನ್ ಮಾಡಿದರೆ ಬರುವ ಹಾರ್ನ್ ಲೈನ್‌ನಿಂದ ಕೊಟ್ಟೆ.

ಇದಕ್ಕೆ ಟೈರ್ ಸುತ್ತಳತೆ ನಾವೇ ಹೇಳಬೇಕು. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ಟೇಪ್ ಹಿಡಿದೆ. ಗಾಡಿ ಮೇಲೆ ಯಾರೂ ಇಲ್ಲದಾಗ 1,885 ಮಿಲಿಮೀಟರ್, ನಾನು ಕೂತಾಗ 1,860. ಕೂತಾಗಿನ ಅಳತೆಯನ್ನೇ ಹಾಕಿ.

ಮೊದಲು ಒಂದೇ ಮ್ಯಾಗ್ನೆಟ್ ಇಟ್ಟಿದ್ದೆ. 20ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಮೂರು ಸುತ್ತು, ಸೆನ್ಸರ್‌ಗೆ ಮೂರೇ ಸಿಗ್ನಲ್. ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಅಂಕಿ ಕುಂಟುತ್ತಿತ್ತು. ಮಾರನೇ ದಿನ ಮ್ಯಾಗ್ನೆಟ್ ಕಿತ್ತುಹೋಗಿ ಸೊನ್ನೆ ಬಂತು. ಸುಮ್ನೆ ಗಮ್ ಹಾಕಿ ಅಂಟಿಸಿದ್ದೆ, ಇನ್ನೇನಾಗುತ್ತೆ? ಆಮೇಲೆ ಡಿಸ್ಕಿನ ನಾಲ್ಕು ಆಲನ್ ಬೋಲ್ಟ್‌ಗಳ ಗುಳಿಯೊಳಗೇ ಪುಟ್ಟ ಮ್ಯಾಗ್ನೆಟ್ ಕೂರಿಸಿ ಎಪಾಕ್ಸಿ ಅಂಟು ತುಂಬಿದೆ. ನಾಲ್ಕರದ್ದೂ ಒಂದೇ ಧ್ರುವದ ಮುಖ ಹೊರಗೆ, ಸೆನ್ಸರ್‌ಗೆ ಮೂರು ಮಿಲಿಮೀಟರ್ ಸಂದು. ಸೆಟ್ಟಿಂಗ್‌ನಲ್ಲೂ ನಾಲ್ಕು ಅಂತ ಬದಲಿಸಿದೆ. 61 ಸೆಕೆಂಡ್ ಬಂತು. ದೇವರಾಯನದುರ್ಗದ ತಿರುವುಗಳಲ್ಲೂ ಅಂಕಿ ಕೈ ಜೊತೆಗೇ ಏರುತ್ತೆ, ಇಳಿಯುತ್ತೆ.

ಇದೇ ಮೀಟರ್ ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅನ್ನೋದನ್ನೂ ತೋರಿಸುತ್ತದೆ. ಅದರ ವೈರನ್ನು ಪ್ಲಗ್ ವೈರಿಗೆ ಸುತ್ತಿದರೆ ಐಡ್ಲಿಂಗ್‌ನಲ್ಲೇ 2,800 ತೋರಿಸಿತು. ನಾಲ್ಕು ಸ್ಟ್ರೋಕ್ ಅಂತ ನಾನು ಎರಡು ಸುತ್ತಿಗೆ ಒಂದು ಕಿಡಿ ಲೆಕ್ಕ ಹಾಕಿದ್ದೆ. ಈ ಇಂಜಿನ್ ಪ್ರತಿ ಸುತ್ತಿಗೂ ಕಿಡಿ ಬಿಡುತ್ತದೆ. ಸೆಟ್ಟಿಂಗ್ ಬದಲಿಸಿದ ಮೇಲೆ 1,400.

ಹಾಗಾಗಿ ಗಾಡಿಯಲ್ಲಿ ಉಳಿದಿದ್ದು ಮ್ಯಾಗ್ನೆಟ್ ಮೀಟರೇ. ಜಿಪಿಎಸ್ ಈಗ ಗೆಳೆಯರ ಮೀಟರ್‌ಗಳನ್ನು ತಾಳೆ ನೋಡಲು ಊರೂರು ತಿರುಗುತ್ತಿದೆ. ಪೆಟ್ರೋಲ್ ಗೇಜ್ ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಈ ಮೀಟರ್ ಕೇಳುವ ಓಮ್ಸ್ (ವಿದ್ಯುತ್ ತಡೆಯ ಅಳತೆ) ಒಂದು, ನನ್ನ ಟ್ಯಾಂಕಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಕೊಡುವುದು ಇನ್ನೊಂದು. ಅರ್ಧ ಟ್ಯಾಂಕಿಗೇ ಫುಲ್ ಅನ್ನುತ್ತೆ. ಸದ್ಯಕ್ಕೆ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಬಗ್ಗಿ ನೋಡುತ್ತಿದ್ದೇನೆ.