ಮನೆ ಮೇಲೆ ಸೋಲಾರ್ ಹಾಕಿಸೋರು ಗಮನಿಸಿ: ಓಟಿಪಿ ಯಾರ ಫೋನಿಗೆ ಬರ್ತಿದೆ?

ಮನೆ ಚಾವಣಿ ಸೋಲಾರಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸೋಲಾರ್ ಹಾಕಿಸಿಕೊಡ್ತೀವಿ ಅಂತ ಮನೆ ಬಾಗಿಲಿಗೇ ಬರುವವರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರೂ ಮೋಸಗಾರರಲ್ಲ, ನನ್ನ ಸ್ನೇಹಿತರೊಬ್ಬರಿಗೆ ಕೆಲಸ ಮುಗಿದು ಸಬ್ಸಿಡಿಯೂ ಸಲೀಸಾಗಿ ಬಂತು. ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಆಗಿದ್ದೇ ಬೇರೆ. ದೂರು ಇನ್ನೂ ನಡೀತಿದೆ, ಹಾಗಾಗಿ ಕಂಪನಿ ಹೆಸರು ಬರೆಯಲ್ಲ. ಅವರು ಕೆಲಸ ಮಾಡಿದ ರೀತಿ ಮಾತ್ರ ನಾಲ್ಕು ಜನಕ್ಕೆ ಗೊತ್ತಿರಲಿ.

ಭಾವ ರಿಟೈರ್ ಆದ ಮೇಷ್ಟ್ರು. ಮನೆಯಲ್ಲಿ ತಿಂಗಳಿಗೆ ಇನ್ನೂರೈವತ್ತರ ಆಸುಪಾಸು ಯೂನಿಟ್ ಓಡುತ್ತೆ. 200 ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಆದ್ದರಿಂದ ಸೋಲಾರ್ ಯೋಚನೆ ತಪ್ಪೇನಲ್ಲ. (ನಿಮ್ಮ ಗೃಹಜ್ಯೋತಿ ಬಿಲ್ಲು ಈಗಾಗಲೇ ಸೊನ್ನೆ ಬರ್ತಿದ್ದರೆ ಸೋಲಾರ್‌ನಿಂದ ಏನು ಉಳಿಯುತ್ತೆ ಅಂತ ಏಜೆಂಟನ್ನ ಒಮ್ಮೆ ಕೇಳಿ ನೋಡಿ. ಮಾತು ಬೇರೆ ಕಡೆ ಹೊರಳುತ್ತೆ.) ಮೂರು ಕಿಲೋವ್ಯಾಟ್ ಸಾಕು ಅಂತ ತೀರ್ಮಾನವಾಯ್ತು. ಒಳ್ಳೆ ಬಿಸಿಲಿದ್ದ ದಿನ ಹನ್ನೆರಡು ಯೂನಿಟ್ ಸಿಗುತ್ತೆ.

ಏಜೆಂಟ್ ಹೇಳಿದ್ದು ಹೀಗೆ: "ಸಾರ್, ಕೇಂದ್ರದ್ದು 78,000, ರಾಜ್ಯದ್ದು 30,000. ಒಟ್ಟು 1,08,000 ನಿಮ್ಮ ಅಕೌಂಟಿಗೆ ವಾಪಸ್. ಮಿಕ್ಕಿದ ಕರೆಂಟನ್ನ ಒಂಬತ್ತೂವರೆ ರೂಪಾಯಿಗೆ ಮಾರಬಹುದು."

ಪೂರ್ತಿ ಕಟ್ಟುಕಥೆ ಆಗಿದ್ದರೆ ಯಾರೂ ನಂಬ್ತಿರಲಿಲ್ಲ. ಮೂರು ಕಿಲೋವ್ಯಾಟಿಗೆ ಕೇಂದ್ರದ 78,000 ನಿಜ. ಒಂದಕ್ಕೆ 30,000, ಎರಡಕ್ಕೆ 60,000, ಮೂರರ ಮೇಲೆ ಎಷ್ಟೇ ಹಾಕಿಸಿದರೂ 78,000ಕ್ಕೇ ನಿಲ್ಲುತ್ತೆ. ಅದರ ಮೇಲಿನ 30,000 ದೆಹಲಿ, ಉತ್ತರ ಪ್ರದೇಶ ಸರ್ಕಾರಗಳು ತಮ್ಮ ಜನರಿಗೆ ಕೊಡುವ ದುಡ್ಡು. ಅಲ್ಲಿನ ವಾಟ್ಸಾಪ್ ಪೋಸ್ಟರನ್ನ ಕನ್ನಡಕ್ಕೆ ಇಳಿಸಿ ಇಲ್ಲಿ ಹಂಚ್ತಿದ್ದರು, ಅಷ್ಟೇ. ಒಂಬತ್ತೂವರೆ ರೂಪಾಯಿಗೂ ಮೂಲ ಇದೆ. 2013ರಲ್ಲಿ ರಾಜ್ಯದ ಕರೆಂಟ್ ದರ ನಿಗದಿ ಮಾಡುವ ಆಯೋಗ, ಕೆಇಆರ್‌ಸಿ, ಚಾವಣಿ ಸೋಲಾರಿಗೆ ಯೂನಿಟ್‌ಗೆ 9.56 ರೂಪಾಯಿ ದರ ಕೊಟ್ಟಿತ್ತು. ಅದು ಆಗ ಒಪ್ಪಂದ ಮಾಡಿಕೊಂಡವರಿಗೆ. 2016ರಿಂದಲೇ ದರ ಇಳೀತಾ ಬಂತು, ಈಗಿನದು ಅದರ ಹತ್ತಿರವೂ ಇಲ್ಲ, ಸಬ್ಸಿಡಿ ತಗೊಂಡವರಿಗೆ ಇನ್ನೂ ಕಡಿಮೆ. ಅಂದರೆ ಸೋಲಾರ್ ಮಾರೋದಕ್ಕಲ್ಲ, ಮನೆ ಖರ್ಚಿಗೆ.

ಇದೆಲ್ಲ ಬಾಯಿಮಾತು. ನಿಜವಾದ ಏಟು ಬಿದ್ದಿದ್ದು ಅರ್ಜಿಯಲ್ಲಿ.

"ಪೋರ್ಟಲ್ ಕೆಲಸ ನಿಮಗ್ಯಾಕೆ ತಲೆನೋವು ಸಾರ್, ನಾವೇ ಮಾಡ್ತೀವಿ" ಅಂತ ಭಾವನ ಆಧಾರ್, ಕರೆಂಟ್ ಬಿಲ್ಲಿನ ಫೋಟೋ ತೆಗೆದುಕೊಂಡು ಹೋದರು. ಅರ್ಜಿಯಲ್ಲಿ ಮೊಬೈಲ್ ನಂಬರ್, ಇಮೇಲ್ ಎರಡೂ ಏಜೆಂಟ್ ಕಡೆಯವರು ತಮ್ಮದೇ ಹಾಕಿದ್ದರು. ಹಾಗಾಗಿ ವೆಂಡರ್ (ಸೋಲಾರ್ ಹಾಕಿಕೊಡುವ ಕಂಪನಿ) ಆಯ್ಕೆಗೆ ಒಪ್ಪಿಗೆ, ಕರಾರು, ಎಲ್ಲದರ ಓಟಿಪಿ ಅವರ ಫೋನಿಗೇ ಬರ್ತಿತ್ತು. ಆ ಕರಾರಿನಲ್ಲಿ ಐದು ವರ್ಷ ಮೇಂಟೆನೆನ್ಸ್ ವೆಂಡರ್ ಹೊಣೆ ಅಂತ ಇರುತ್ತೆ. ಭಾವ ಅದನ್ನು ಕಣ್ಣಿಂದ ನೋಡಿದ್ದೇ ನಾಲ್ಕು ತಿಂಗಳಾದ ಮೇಲೆ. ಅಷ್ಟರಲ್ಲಿ ಭಾವ ಇದಕ್ಕಂತ ತಗೊಂಡಿದ್ದ ಬ್ಯಾಂಕ್ ಸಾಲದ ದುಡ್ಡು ಪೂರ್ತಿ ವೆಂಡರ್ ಖಾತೆಗೆ ಸೇರಿತ್ತು. ದುಡ್ಡು ಕೈಸೇರಿದ ಮೇಲೆ ಫೋನ್ ಎತ್ತೋದು ನಿಂತುಹೋಯ್ತು.

ಪ್ಯಾನೆಲ್ ಕೂರಿಸಿದ ದಿನವೇ "ಟೆಸ್ಟಿಂಗ್" ಅಂತ ಸ್ವಿಚ್ ಆನ್ ಮಾಡಿ ಹೋದರು. ಒಳಗೆ ಬಂದ, ಹೊರಗೆ ಹೋದ ಕರೆಂಟನ್ನ ಬೇರೆ ಬೇರೆ ಅಳೆಯುವ ನೆಟ್ ಮೀಟರ್ ಇನ್ನೂ ಬಂದಿರಲಿಲ್ಲ. ಮುಂದಿನ ಬಿಲ್ಲು ನೋಡಿ ಅಕ್ಕ ಗಾಬರಿ, ಹೆಚ್ಚುಕಡಿಮೆ ಎರಡರಷ್ಟು! ಲೈನ್‌ಮನ್ ಬಂದು ತೋರಿಸಿದ. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಒಂದು ಫ್ಯಾನೂ ಓಡ್ತಿಲ್ಲ, ಹಳೇ ಮೀಟರಿನ ಕೆಂಪು ದೀಪ ಮಾತ್ರ ಪಟಪಟ ಮಿಟುಕ್ತಿದೆ. ಇಂಥ ಮೀಟರಿಗೆ ಕರೆಂಟ್ ಒಳಗೆ ಬಂತೋ ಹೊರಗೆ ಹೋಯ್ತೋ ಗೊತ್ತಾಗಲ್ಲ, ಎರಡನ್ನೂ ಬಳಕೆ ಅಂತಲೇ ಎಣಿಸುತ್ತೆ. ನಮ್ಮ ಟೆರೇಸಿನಲ್ಲಿ ಹುಟ್ಟಿದ ಕರೆಂಟನ್ನ ಲೈನಿಗೆ ಬಿಟ್ಟು, ಅದಕ್ಕೆ ನಾವೇ ದುಡ್ಡು ಕಟ್ಟಿದ ಹಾಗಾಯ್ತು. ಎಸ್ಕಾಂನವರು (ಕರೆಂಟ್ ಕಂಪನಿಯವರು) ತಪಾಸಣೆ ಮಾಡಿ ಎರಡೂ ಕಡೆ ಅಳೆಯುವ ಮೀಟರ್ ಹಾಕುವ ತನಕ ಸ್ವಿಚ್ ಆನ್ ಮಾಡೋಕೆ ಬಿಡಬೇಡಿ. ಅನುಮತಿ ಇಲ್ಲದೆ ಲೈನಿಗೆ ಜೋಡಿಸೋದು ನಿಯಮಕ್ಕೂ ವಿರುದ್ಧ, ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕೂ ಅಪಾಯ.

ಇನ್ನು ಸಬ್ಸಿಡಿ. ಅದು ಸಿಗಬೇಕಾದರೆ ಪ್ಯಾನೆಲ್ ಡಿಸಿಆರ್ ಆಗಿರಬೇಕು. ಅಂದರೆ ಪ್ಯಾನೆಲ್ ಇಲ್ಲಿ ಜೋಡಿಸಿದ್ದರೆ ಸಾಲದು, ಒಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಹೊರಗಿನ ಸೆಲ್ ತರಿಸಿ ಇಲ್ಲಿ ಜೋಡಿಸಿದ್ದಕ್ಕೂ "ಮೇಡ್ ಇನ್ ಇಂಡಿಯಾ" ಸ್ಟಿಕರ್ ಅಂಟಿರುತ್ತೆ, ರೇಟೂ ಕಡಿಮೆ. ವೆಂಡರಿಗೆ ಲಾಭ ಅಲ್ಲೇ. ಭಾವನ ಹತ್ತಿರ ಡಿಸಿಆರ್ ಸರ್ಟಿಫಿಕೇಟಿನ ಪ್ರತಿ ಇತ್ತು, ಹಿಂಬದಿಯ ಸ್ಟಿಕರಿನ ನಂಬರೂ ಅದಕ್ಕೆ ಸರಿಹೊಂದ್ತಿತ್ತು. ಆದರೆ ಪ್ಯಾನೆಲಿನ ಮುಂಭಾಗದಲ್ಲಿ, ಗಾಜಿನ ಒಳಗೇ ಸಣ್ಣ ಬಾರ್‌ಕೋಡ್ ಪಟ್ಟಿ ಇರುತ್ತೆ, ಕಾರ್ಖಾನೆಯಲ್ಲೇ ಸೀಲ್ ಆದದ್ದು. ಅದನ್ನ ಯಾರೂ ಬದಲಾಯಿಸೋಕೆ ಆಗಲ್ಲ. ನಾನೂ ಭಾವನೂ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಟಾರ್ಚ್ ಹಿಡಿದು ಒಂದೊಂದೇ ಓದಿದೆವು. ಒಂದೂ ಹೊಂದಲಿಲ್ಲ. ಹಿಂದಿನ ಸ್ಟಿಕರುಗಳು ಆಮೇಲೆ ಅಂಟಿಸಿದವು.

ಪ್ಯಾನೆಲ್ ಮೇಲೇರಿಸುವ ಮುಂಚೆ, ಅವು ಇನ್ನೂ ಗೇಟಿನ ಹತ್ತಿರ ಗೋಡೆಗೆ ಒರಗಿರುವಾಗಲೇ, ಗಾಜಿನೊಳಗಿನ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಸ್ಟ್ರಕ್ಚರ್ ಮೇಲೆ ಹತ್ತೋದು ಕಷ್ಟ.

ಉಳಿದ ಸಣ್ಣಪುಟ್ಟ ಸುಳ್ಳುಗಳೂ ಇದ್ದವು. "ಕರೆಂಟ್ ಹೋದರೂ ನಿಮ್ಮನೇಲಿ ಲೈಟು" ಅಂದಿದ್ದರು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ (ಕರೆಂಟ್ ಲೈನಿಗೇ ಜೋಡಿಸಿದ) ಸಿಸ್ಟಮ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ, ಆಗಲೇಬೇಕು. "ಬಿಲ್ಲು ಸೊನ್ನೆ" ಅನ್ನೋದೂ ಅಷ್ಟೇ. ಮಂಜೂರಾದ ಲೋಡಿನ ಮೇಲೆ ಫಿಕ್ಸೆಡ್ ಚಾರ್ಜ್ ಇದ್ದೇ ಇದೆ, 2025-26ರಲ್ಲಿ ಅದು ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ಇತ್ತು. ಸೋಲಾರಿಗೋಸ್ಕರ ಲೋಡ್ ಎರಡರಿಂದ ಮೂರಕ್ಕೆ ಏರಿಸಿದರೆ ಅದೂ ಏರುತ್ತೆ. ಮತ್ತೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ಸೆಕ್ಷನ್ ಆಫೀಸಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ. ಬಿಲ್ಲಿನ ಹೆಸರೊಂದು, ಬ್ಯಾಂಕಿನ ಹೆಸರೊಂದು ಆದರೆ ಸಬ್ಸಿಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಸಾಲ ತಗೊಳ್ಳುವವರು ಬ್ಯಾಂಕಿನಲ್ಲೇ ಕೇಳಿ, ದುಡ್ಡು ಕಂತಿನಲ್ಲಿ ಬಿಡುಗಡೆ ಮಾಡ್ತಾರಾ ಅಂತ. ಕೊನೇ ಕಂತು ನೆಟ್ ಮೀಟರ್ ಬಂದ ಮೇಲೆ ಅನ್ನೋದನ್ನ ವೆಂಡರ್ ಹತ್ತಿರ ಬರೆಸಿಕೊಳ್ಳಿ. ಇದಕ್ಕೆ ಮುಖ ಸಿಂಡರಿಸುವವನನ್ನ ಅಲ್ಲೇ ಕಳಿಸಿಬಿಡಿ, ಪೋರ್ಟಲ್ಲಿನ ಪಟ್ಟಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾವು ಯೋಜನೆಯ ಸಹಾಯವಾಣಿ 15555ಕ್ಕೆ ದೂರು ಕೊಟ್ಟೆವು, ಗಾಜಿನೊಳಗಿನ ನಂಬರುಗಳ ಫೋಟೋ ಸಮೇತ ಎಸ್ಕಾಂ ಕಚೇರಿಗೆ ಬರಹದಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡೆವು. ಇಷ್ಟು ದಿನ ಸಿಗದಿದ್ದ ಏಜೆಂಟ್ ಹೋದ ವಾರ ತಾನಾಗಿ ಬಂದು "ಸಾರ್, ಪ್ಯಾನೆಲ್ ಬದಲಾಯಿಸಿ ಕೊಡ್ತೀವಿ, ದೂರು ವಾಪಸ್ ತಗೊಳ್ಳಿ" ಅಂದ. ಮೊದಲು ಹೊಸ ಪ್ಯಾನೆಲಿನ ಗಾಜಿನೊಳಗಿನ ನಂಬರ್ ಕಳಿಸಪ್ಪ, ಆಮೇಲೆ ಗಾಡಿ ಕಳಿಸು ಅಂದಿದ್ದಾರೆ ಭಾವ. ನಂಬರ್ ಇನ್ನೂ ಬಂದಿಲ್ಲ, ದೂರೂ ವಾಪಸ್ ಹೋಗಿಲ್ಲ.