ಪ್ರೀಕ್ವೆಲ್ಲಾ, ರೀಬೂಟಾ?

ಕಲಬುರಗಿಯ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡೋದು ಕಷ್ಟ. ಮನೆಯಲ್ಲೇ ಕೂತು ಒಂದು ಸೈನ್ಸ್ ಫಿಕ್ಷನ್ ಸರಣಿ ನೋಡುತ್ತೀರಾ? ಹೆಣ್ಣು ಪಾತ್ರಗಳಿಗೆ ಜಾಗ ಜಾಸ್ತಿ ಬೇಕು ಅಂದರೆ ನನ್ನ ಓಟು ರೀಬೂಟ್‌ಗೆ, ಅಂದರೆ ಹಳೇ ಕಥೆಯನ್ನೇ ಮೊದಲಿಂದ ಹೊಸದಾಗಿ ಮಾಡಿದ ಸರಣಿಗೆ.

1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲಿ ಸ್ಟಾರ್‌ಬಕ್ ಗಂಡಸು. ಸಿಗಾರ್ ಸೇದುವ, ಇಸ್ಪೀಟು ಆಡುವ ಪೈಲಟ್. 2003ರಲ್ಲಿ ಅದನ್ನೇ ಹೊಸದಾಗಿ ಮಾಡಿದಾಗ ಸಿಗಾರ್, ಇಸ್ಪೀಟು ಎರಡೂ ಉಳಿದವು, ಪೈಲಟ್ ಮಾತ್ರ ಹೆಂಗಸಾದಳು. ಬೂಮರ್ ಪಾತ್ರವೂ ಹಾಗೇ. ಕೆಲವು ಹಳೇ ಅಭಿಮಾನಿಗಳು ಸಿಟ್ಟಾದರು. ಆಗಲಿ ಬಿಡಿ.

ಪ್ರೀಕ್ವೆಲ್‌ಗೆ, ಅಂದರೆ ಹಳೇ ಕಥೆಗಿಂತ ಮುಂಚೆ ನಡೆದದ್ದನ್ನು ಹೇಳುವ ಸರಣಿಗೆ, ಇಷ್ಟು ಸಲೀಸಿಲ್ಲ. ಮುಂದಿನ ಕಥೆಗೆ ತಾಳೆಯಾಗಲೇಬೇಕಲ್ವಾ? ‘ಸ್ಟಾರ್ ಟ್ರೆಕ್’ ಸರಣಿಗಳಲ್ಲಿ ಮುಖ್ಯ ಪಾತ್ರವಾಗಿ ಮಹಿಳಾ ಕ್ಯಾಪ್ಟನ್ 1995ರಲ್ಲೇ ಬಂದಿದ್ದರು. 2001ರ ಪ್ರೀಕ್ವೆಲ್ ‘ಎಂಟರ್‌ಪ್ರೈಸ್’ನಲ್ಲಿ ಮತ್ತೆ ಬಿಳಿಯ ಗಂಡಸೇ ಕ್ಯಾಪ್ಟನ್. 2017ರ ‘ಡಿಸ್ಕವರಿ’ ಬೇರೆ. ಅದೂ ಪ್ರೀಕ್ವೆಲ್ಲೇ, ಆದರೆ ನಾಯಕಿ ಕಪ್ಪು ಮಹಿಳೆ. ಮೂರನೇ ಸೀಸನ್‌ಗೆ ಅದೂ ಪ್ರೀಕ್ವೆಲ್ ಹಂಗು ಬಿಟ್ಟು 900 ವರ್ಷಕ್ಕಿಂತ ಹೆಚ್ಚು ಮುಂದಕ್ಕೆ ಹಾರಿಬಿಟ್ಟಿತು!